ಒಂದು ಕಾಲು ಕಮ್ಮಿ

ಎಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಮೇಲಕ್ಕೆ ಹೋಗುತ್ತಿರಲಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯ ಎರಡನೆಯ ತಿರುವು. ಚಂದ್ರಮತಿ ಬಲಗಾಲನ್ನು ಇನ್ನಷ್ಟು ಒತ್ತಿದಳು. ಕೂಗು ಇನ್ನಷ್ಟು ಏರಿತು. ಕಿಟಕಿಯ ಪಕ್ಕದ ಲಂಟಾನ ಪೊದೆಯೊಂದು ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿದ್ದು, ಆಮೇಲೆ ಮೆಲ್ಲಗೆ ಮುಂದಕ್ಕೆ ಸರಿಯತೊಡಗಿತು. ಸರಿಯುತ್ತಿರುವುದು ಪೊದೆಯಲ್ಲ, ತಾವೇ ಹಿಂದಕ್ಕೆ ಜಾರುತ್ತಿದ್ದೇವೆ ಎಂದು ಹೊಳೆದ ಕೂಡಲೇ ಅವಳು ಬ್ರೇಕು ತುಳಿದಳು.

"ಏನಾಯ್ತು ಮಗಾ?" ಹಿಂದಿನ ಸೀಟಿನಲ್ಲಿದ್ದ ತಾಯಿ ದೇವಿರಮ್ಮ ಹಣ್ಣುಕಾಯಿ ಬುಟ್ಟಿಯನ್ನು ಎದೆಗವಚಿಕೊಂಡರು.

"ಗೇರು ಜಾರ್ತಿದೆ," ಎಂದ ಪಕ್ಕದಲ್ಲಿ ಕೂತಿದ್ದ ಅಣ್ಣ ಸಿದ್ದರಾಜು. "ಹೋದ ವಾರದಿಂದ ಹೇಳ್ತಿದ್ದೆ. ಇಳಿ, ನಾನು ನೋಡ್ತೀನಿ."

ತಿರುವಿನಲ್ಲಿ ಸೀಬೆಹಣ್ಣು ಗುಡ್ಡೆಹಾಕಿಕೊಂಡು ಕೂತಿದ್ದ ಬೆಟ್ಟಮ್ಮ ಎದ್ದು ಓಡಿಬಂದಳು. ಅವಳ ಕೈಯಲ್ಲಿ ತೆಂಗಿನಕಾಯಿಗಿಂತ ದೊಡ್ಡದೊಂದು ಕಲ್ಲು. "ಇರ್ರವ್ವ, ಇರ್ರಿ, ಕಲ್ ಮಡಗ್ತೀನಿ," ಎಂದು ಹಿಂದಿನ ಚಕ್ರಕ್ಕೆ ಅದನ್ನು ಕೊಟ್ಟು ನಿಂತಳು. ದಿನಕ್ಕೆ ಇಂಥ ನಾಲ್ಕು ಗಾಡಿ ನೋಡುವವಳ ಹಾಗಿತ್ತು ಅವಳ ಮುಖ.

ಚಂದ್ರಮತಿ ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಹೊರಗಿಟ್ಟು ಇಳಿದಳು. ನಾಲ್ಕನೆಯ ವರ್ಷದಲ್ಲಿ ಬಂದ ಜ್ವರ ಇಳಿದುಹೋಗುವಾಗ ಆ ಕಾಲಿನ ಬಲವನ್ನೂ ಕೊಂಡುಹೋಗಿತ್ತು. ಅಂದಿನಿಂದ ಅದಕ್ಕೆ ಕಬ್ಬಿಣದ ಪಟ್ಟಿ ಕಟ್ಟಿದ ಬೂಟು. ಸಿದ್ದರಾಜು ಒಳಗೆ ಕೂತು ಕಾರು ಹತ್ತಿಸಲು ನೋಡಿದ. ಅಭ್ಯಾಸಬಲದಿಂದ ಅವನ ಎಡಗಾಲು, ತಾನೇ ಗೇರು ಬದಲಿಸಿಕೊಳ್ಳುವ ಆ ಕಾರಿನಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿ ಬ್ರೇಕಿನ ಮೇಲೆ ಬಿತ್ತು. ಕಾರು ಮುಗ್ಗರಿಸಿತು, ಕೂಗಿತು, ಕಲ್ಲಿಗೆ ಒರಗಿ ನಿಂತಿತು. ಮೇಲಿನಿಂದ ಇಳಿಯುತ್ತಿದ್ದ ಬಸ್ಸಿನಲ್ಲಿ ಯಾರೋ ನಕ್ಕರು.

"ದರಿದ್ರ ಕುಂಟು ಗಾಡಿ!" ಎಂದು ಸಿದ್ದರಾಜು ಸ್ಟೇರಿಂಗಿಗೆ ಗುದ್ದಿದ. ಗುದ್ದಿದ ಮೇಲೆ ತಂಗಿಯ ಕಡೆ ನೋಡಿದ. ಚಂದ್ರಮತಿ ಬೆಟ್ಟಮ್ಮನ ಸೀಬೆಹಣ್ಣು ನೋಡುತ್ತಿದ್ದಳು.

ಕೊನೆಗೆ ಅವಳೇ ಮತ್ತೆ ಕೂತು ಕಾರು ತಿರುಗಿಸಬೇಕಾಯಿತು. ಬೆಟ್ಟಮ್ಮ ಕಲ್ಲು ಸರಿಸಿದ ಮೇಲೆ ಹಿಂದಕ್ಕೆ ಜಾರಿಸಿ, ಅಡ್ಡ ಮಾಡಿ, ಮೂತಿಯನ್ನು ಇಳಿಜಾರಿಗೆ ತಂದಳು. ತಿರುವು ಸಾಲಲಿಲ್ಲ, ಇನ್ನೊಂದು ಮಾರು ಹಿಂದಕ್ಕೆ, ಏರಿನ ಕಡೆಗೆ ಹತ್ತಿಸಬೇಕು. ಹತ್ತುವುದಿಲ್ಲವೆಂದೇ ಅಂದುಕೊಂಡು ರಿವರ್ಸಿಗೆ ಹಾಕಿದಳು. ಕಾರು ಒಂದು ಚೂರೂ ಕೂಗದೆ, ಹಿಂದೆ ನಿಂತು ಕೈ ಆಡಿಸುತ್ತಿದ್ದ ಸಿದ್ದರಾಜು ಪಕ್ಕಕ್ಕೆ ನೆಗೆಯುವಂತೆ, ದಡದಡನೆ ಹಿಮ್ಮುಖವಾಗಿ ಏರಿಬಿಟ್ಟಿತು.

"ನಿಧಾನ! ಕೊಲ್ತೀಯಾ ನನ್ನ?" ಎಂದು ಅವನು ಕೂಗಿದ. ಅವಳಿಗೆ ಅದು ಕೇಳಿಸಲಿಲ್ಲ. ಮುಂದಕ್ಕೆ ಹತ್ತದ್ದು ಹಿಂದಕ್ಕೆ ಹೇಗೆ ಹತ್ತಿತು ಎಂಬುದೇ ತಲೆಯಲ್ಲಿ ಕೂತಿತ್ತು.

ಮಂಡಿ ಮೊಹಲ್ಲಾದಲ್ಲಿ ಬೆಲ್ಲದ ಅಂಗಡಿಗಳ ಹಿಂದಿನ ಓಣಿಯಲ್ಲಿ ಆರೋಗ್ಯಸ್ವಾಮಿಯ ವರ್ಕ್‌ಶಾಪು. ಮಾತೆ ಮರಿಯಮ್ಮನ ಪಟದ ಕೆಳಗೆ, ಆಯುಧಪೂಜೆಗೆ ಗಿರಾಕಿಗಳು ಕಟ್ಟಿಹೋದ ಹೂವಿನ ಒಣಹಾರ ಇನ್ನೂ ತೂಗುತ್ತಿತ್ತು. ಮೂವತ್ತು ವರ್ಷದಿಂದ ಮೈಸೂರಿನ ಗಾಡಿಗಳ ಹೊಟ್ಟೆಯೊಳಗೆ ಕೈ ಆಡಿಸಿದ ಮನುಷ್ಯ. ಎಂಜಿನ್ ಆರಿಸಿ, ಬಾನೆಟ್ಟು ಎತ್ತಿ, ಗೇರಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬೆಳಕಿಗೆ ಹಿಡಿದ.

"ನೋಡಿ ಸಾರ್, ಎಣ್ಣೆ ಭರ್ತಿ ಇದೆ. ಗೆರೆ ಮುಟ್ಟಿದೆ. ಅಂದ್ರೆ ಒಳಗಡೆ ಸವೆದಿದೆ. ಇದರ ಹೊಟ್ಟೆ ಬಿಚ್ಚೋರು ಮೈಸೂರಲ್ಲಂತೂ ಇಲ್ಲ. ಬೆಂಗಳೂರಲ್ಲೂ ಇದ್ದಾರೋ ಇಲ್ವೋ."

"ಮತ್ತೆ?"

"ತೆಗೆದು ಬಿಸಾಕಿ, ಮಾಮೂಲಿ ಗೇರ್‌ಬಾಕ್ಸ್ ಕೂರಿಸೋದು. ಹುಣಸೂರಿನ ಸಾಹುಕಾರರ ಕಾರಿಗೂ ಹಂಗೇ ಮಾಡಿಕೊಟ್ಟಿದ್ದೀನಿ, ಇವತ್ತಿಗೂ ಓಡ್ತಿದೆ. ಒಂದು ಕ್ಲಚ್ ಪೆಡಲ್ ಬೆಸುಗೆ ಹಾಕಿಬಿಟ್ರೆ ಆಯ್ತು. ಮೂರು ಇರಬೇಕಾದ ಕಡೆ ಎರಡೇ. ಹುಟ್ಟುವಾಗ್ಲೇ ಇದಕ್ಕೊಂದು ಕಾಲು ಕಮ್ಮಿ ನೋಡಿ—" ಎಂದವನು ಕಡ್ಡಿ ಒರೆಸುತ್ತ ತಿರುಗಿದ. ಚಂದ್ರಮತಿ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಆರೋಗ್ಯಸ್ವಾಮಿ ಕೆಮ್ಮಿ, ಕಡ್ಡಿಯನ್ನು ಮತ್ತೊಮ್ಮೆ ಒರೆಸಿದ.

"ಗುರುವಾರ ಕೆಲಸ ಹಿಡೀರಿ. ಗೇರ್‌ಬಾಕ್ಸ್ ನಾನು ತರಿಸ್ತೀನಿ," ಎಂದ ಸಿದ್ದರಾಜು. ಹೊರಗೆ ಬಂದ ಮೇಲೆ ತಂಗಿಗೆ ಮೆತ್ತಗೆ ಹೇಳಿದ: "ನೀನೇನೂ ಯೋಚನೆ ಮಾಡ್ಬೇಡ. ದಿನಾ ಬೆಳಗ್ಗೆ ನಾನೇ ಸ್ಕೂಲಿಗೆ ಬಿಟ್ಟು ಬರ್ತೀನಿ, ಸಾಯಂಕಾಲ ಕರ್ಕೊಂಡು ಬರ್ತೀನಿ. ನಿನಗ್ಯಾಕೆ ಈ ತಾಪತ್ರಯ?"

ಅವನು ಪ್ರೀತಿಯಿಂದಲೇ ಹೇಳಿದ್ದ. ಬಿ.ಎಸ್ಸಿ. ಮುಗಿಸಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ, ನಲವತ್ತು ಮಕ್ಕಳ ಮುಂದೆ ಬಾಯಿ ಬಿಡುವವಳು, ಮನೆಯವರ ಮುಂದೆ ಎರಡು ಮಾತು ಜೋಡಿಸಲಾರಳು. ಹೇಳಬೇಕಾಗಿದ್ದುದೆಲ್ಲ ಅವಳಿಗೆ ಯಾವಾಗಲೂ ಎಲ್ಲರೂ ಎದ್ದುಹೋದ ಮೇಲೆಯೇ ಹೊಳೆಯುತ್ತಿತ್ತು.

ಕಾರು ಕೊಂಡವರು ಅವಳ ತಂದೆ ರಾಮಯ್ಯ. ಎಸ್ಟೇಟು ಮಾರಿ ದೇಶ ಬಿಟ್ಟು ಹೊರಟ ಕೊಡಗಿನ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡಿದ್ದರು. "ಅಗ್ಗಕ್ಕೆ ಸಿಕ್ತು," ಎಂದಿದ್ದರಷ್ಟೆ. ಮಾರನೆಯ ದಿನ ಡ್ರೈವರ್ ಜವರಯ್ಯನನ್ನು ಕರೆದು, "ಚಂದ್ರಂಗೆ ಕಲಿಸ್ಕೊಡು. ಇದಕ್ಕೆ ಎಡಗಾಲು ಬೇಕಾಗಿಲ್ಲ," ಎಂದಿದ್ದರು. ಆ ಮಾತನ್ನು ಇನ್ನೊಮ್ಮೆ ಎತ್ತದೆಯೇ, ಎರಡು ವರ್ಷದ ಕೆಳಗೆ ತೀರಿಕೊಂಡರು.

ಸೋಮವಾರ ಬೆಳಗ್ಗೆ ಸಿದ್ದರಾಜುವಿಗೆ ಬೇರೆ ಕೆಲಸವಿತ್ತು. ಕೃಷ್ಣಮೂರ್ತಿಪುರಂನ ಮನೆ ಮುಂದೆ ಜಟಕಾ ಬಂದು ನಿಂತಿತು. ಮೆಟ್ಟಿಲು ಅವಳ ಸೊಂಟದ ಎತ್ತರಕ್ಕಿತ್ತು. ಜಟಕಾದವನು, "ಎಲ್ಲಿ, ಕೈ ಎತ್ತಿ ತಾಯಿ," ಎಂದು ಎರಡೂ ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿದ. ಒಳ್ಳೆಯವನೇ, ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಎತ್ತಿದ. ಸ್ಕೂಲಿನ ಗೇಟಿನಲ್ಲಿ ಅವಳ ಒಂಬತ್ತನೇ ತರಗತಿಯ ಹುಡುಗಿಯರೆಲ್ಲ ನಿಂತು ನೋಡುತ್ತಿರುವಾಗ ಹಾಗೆಯೇ ಎತ್ತಿ ಇಳಿಸಿದ. ಮಂಗಳವಾರವೂ ಹಾಗೆಯೇ ಆಯಿತು.

ಬುಧವಾರ ಸಾಯಂಕಾಲ ಅವಳು ಮನೆಗೆ ಬಂದಾಗ ಪೋರ್ಟಿಕೋದಲ್ಲಿ ಜಗಳ ನಡೆದಿತ್ತು. ಅದು ಒಂದು ತಿಂಗಳಿನಿಂದ ನಡೆಯುತ್ತಿದ್ದ ಜಗಳ. ಆಯುಧಪೂಜೆಯ ಮಾರನೆಯ ದಿನದಿಂದ ಪೋರ್ಟಿಕೋದ ನೆಲದ ಮೇಲೆ ದಿನಾ ಬೆಳಗ್ಗೆ ಕೆಂಪು ಕಲೆ. ಜವರಯ್ಯನ ಬಾಯಲ್ಲಿ ಎಲೆಯಡಿಕೆ ಇಲ್ಲದ ಗಳಿಗೆಯೇ ಇಲ್ಲ. ಕಣ್ಣಿಗೆ ಪೊರೆ ಬಂದು ಕಾರು ಓಡಿಸುವುದನ್ನು ನಿಲ್ಲಿಸಿದ ಮೇಲೂ ಅದನ್ನು ತೊಳೆದು ಒರೆಸಿಕೊಂಡು, ಪೋರ್ಟಿಕೋದಲ್ಲೇ ಮಲಗುತ್ತಿದ್ದವನು ಅವನು. ದೇವಿರಮ್ಮನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಪಾಪ, ಅವನು ಉಗಿಯಲಿಕ್ಕೆಂದೇ ಒಂದು ಹಳೇ ಹಾಲಿನಪುಡಿ ಡಬ್ಬ ಇಟ್ಟುಕೊಂಡು ತಿರುಗುತ್ತಿದ್ದರೂ ಬೈಗುಳ ತಪ್ಪಿರಲಿಲ್ಲ. ಬೆಟ್ಟಕ್ಕೂ ಅವನನ್ನು ಕರೆದುಕೊಂಡು ಹೋಗಿರಲಿಲ್ಲ.

ಇವತ್ತು ಮಾತ್ರ ಜವರಯ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಅಮ್ಮಾವ್ರೇ, ನೀವೇ ಕಣ್ಬುಟ್ಟು ನೋಡಿ. ಭಾನ್ವಾರ ಗಾಡಿ ಓಯ್ತು. ಇವತ್ತು ಬುಧ್ವಾರ. ಒಸಾ ಕಲೆ ಒಂದಾದ್ರೂ ಬಿದ್ದದಾ?"

"ಇಲ್ಲ. ಈಗ ಬುದ್ಧಿ ಬಂದದೆ ನಿಂಗೆ."

"ನಂಗೇನ್ ಬುದ್ಧಿ ಬಂದದೆ? ದಿನಕ್ಕೆ ಇಪ್ಪತ್ತು ಎಲೆ ಅಂಗೇ ಆಕ್ತಾವ್ನಿ! ನಾನು ಇಲ್ಲೇ ಇವ್ನಿ, ಎಲೆನೂ ಇಲ್ಲೇ ಅದೆ. ಇಲ್ದೇ ಇರೋದು ಗಾಡಿ ಒಂದೇಯ. ಅಂಗಾರೆ ಎಲೆಯಡಿಕೆ ಆಕ್ಕೊಂಡು ಉಗೀತಿದ್ದೋರು ಯಾರು? ಗಾಡೀನಾ?"

"ವಾದ ಮಾಡ್ಬೇಡ, ಮುದಿಯಾ," ಎಂದರು ದೇವಿರಮ್ಮ. ಆದರೆ ಅವರ ದನಿ ಮೊದಲಿನ ಹಾಗಿರಲಿಲ್ಲ.

ಚಂದ್ರಮತಿ ಕಂಬ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕೂತಳು. ಹಳೆಯ ಕಲೆಯೊಂದನ್ನು ಬೆರಳಿಂದ ಮುಟ್ಟಿದಳು. ನಾಲ್ಕು ದಿನದ ಕಲೆ ಇನ್ನೂ ಒಣಗಿರಲಿಲ್ಲ. ಬೆರಳುಗಳ ನಡುವೆ ಉಜ್ಜಿದರೆ ಜಾರಿತು. ಮೂಗಿನ ಬಳಿ ತಂದಳು. ಸುಣ್ಣವೂ ಅಲ್ಲ, ಹೊಗೆಸೊಪ್ಪೂ ಅಲ್ಲ.

"ಜವರಯ್ಯ, ಇದು ಎಣ್ಣೆ," ಎಂದಳು.

"ಎಣ್ಣೇನಾ? ಕೆಂಪಗದಲ್ಲ ಚಂದ್ರವ್ವ!"

"ಇದರ ಗೇರಿನ ಎಣ್ಣೆ ಕೆಂಪೇ ಇರುತ್ತೆ."

ಜವರಯ್ಯ ದೇವಿರಮ್ಮನ ಕಡೆ ಒಮ್ಮೆ ನೋಡಿದ. ಹಾಲಿನಪುಡಿ ಡಬ್ಬವನ್ನು ಎತ್ತಿ ಜಗಲಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ಗೇಟಿನ ಕಡೆ ನಡೆದ.

ಊಟಕ್ಕೆ ಕೂತಾಗ ಸಾರು ಕಮ್ಮಿಯಿತ್ತು. ದೇವಿರಮ್ಮ ಪಾತ್ರೆಯನ್ನು ಒಂದು ಕಡೆಗೆ ವಾಲಿಸಿ, ಮೂಲೆಯಲ್ಲಿ ಕೂಡಿದ ಸಾರನ್ನು ಸೌಟಿನಿಂದ ಗೋರಿ ಬಡಿಸುತ್ತಿದ್ದರು. ಚಂದ್ರಮತಿ ಕಲಸಿದ ತುತ್ತನ್ನು ಕೈಯಲ್ಲೇ ಹಿಡಿದು ನೋಡುತ್ತ ಕೂತಳು.

"ಅವ್ವ, ಇನ್ನೊಂದ್ಸಲ ವಾಲಿಸು."

"ಮುಗೀತು, ಇನ್ನೇನ್ ವಾಲಿಸ್ಲಿ?"

"ಆ ಕಡೆಗೆ."

ಆ ಕಡೆಗೆ ವಾಲಿಸಿದಾಗ ಉಳಿದಿದ್ದ ಸಾರು ಸೌಟಿನಿಂದ ದೂರ ಸರಿದು ಎದುರು ಮೂಲೆಗೆ ಹೋಯಿತು. ಸೌಟು ಬರಿಯ ತಳ ಕೆರೆಯಿತು. ಈ ಕಾರಿನ ಗೇರು ಹಿಡಿಯುವುದೇ ಎಣ್ಣೆಯ ಒತ್ತಡದಿಂದ. ಕಾರು ಮೂತಿ ಎತ್ತಿ ಬೆಟ್ಟ ಹತ್ತುವಾಗ ಎಣ್ಣೆಯೆಲ್ಲ ಹಿಂದಕ್ಕೆ ಹೋಗುತ್ತದೆ. ಹಿಮ್ಮುಖವಾಗಿ ಹತ್ತುವಾಗ ಮೂತಿ ಕೆಳಗೆ, ಎಣ್ಣೆ ಮುಂದಕ್ಕೆ ಬರುತ್ತದೆ. ಎಣ್ಣೆ ಹೀರುವ ಬಾಯಿ ಮುಂದಿದ್ದರೆ? ಒಳಗೆ ಏನೂ ಸವೆದಿಲ್ಲ. ಸಾರು ಕಮ್ಮಿಯಾಗಿದೆ, ಅಷ್ಟೆ.

ಆದರೆ ಕಡ್ಡಿ ಭರ್ತಿ ತೋರಿಸಿತ್ತಲ್ಲ?

ದೊರೆ ಕಾರಿನ ಜೊತೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ತಂದೆಯ ಮೇಜಿನಲ್ಲಿತ್ತು. ಹಾಳೆಗಳ ನಡುವೆ ತಂದೆಯ ಕನ್ನಡಕದ ಹಳೆಯ ಚೀಟಿ. ಗೇರಿನ ಎಣ್ಣೆಯ ಪುಟದಲ್ಲಿ ಒಂದೇ ಒಂದು ವಾಕ್ಯದ ಕೆಳಗೆ ಅಚ್ಚಿನಲ್ಲೇ ಗೆರೆ ಎಳೆದಿದ್ದರು. ಅವಳು ಅದನ್ನು ಮೂರು ಸಲ ಓದಿದಳು. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಮಾತ್ರ ಎಣ್ಣೆ ನೋಡತಕ್ಕದ್ದು.

ಆರೋಗ್ಯಸ್ವಾಮಿ ಎಂಜಿನ್ ಆರಿಸಿ ನೋಡಿದ್ದ. ಲೋಕದ ಎಲ್ಲ ಕಾರುಗಳ ಎಣ್ಣೆಯನ್ನೂ ಹಾಗೆಯೇ ನೋಡುವುದು.

"ಅವ್ವ, ಕಾರಿನ ಜೊತೆ ಕೆಂಪು ಎಣ್ಣೆ ಡಬ್ಬಗಳು ಬಂದಿದ್ವಲ್ಲ, ಎಲ್ಲಿ?"

ದೇವಿರಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಮಗಳನ್ನು ನೋಡಿದರು. "ಸಾಮಾನಿನ ಕೋಣೇಲಿ. ಅದರ ಮ್ಯಾಲೆ ಉಪ್ಪಿನಕಾಯಿ ಜಾಡಿ ಮಡಗಿವ್ನಿ." ಪಾತ್ರೆಯನ್ನು ಪಕ್ಕಕ್ಕೆ ಸರಿಸುತ್ತ, "ನಿಮ್ಮಣ್ಣ ಮಾತು ಕೊಟ್ಟುಬುಟ್ಟವ್ನೆ ಮಗಾ. ಗಂಡಸ್ರ ಯವಾರ," ಎಂದರು. ಚಂದ್ರಮತಿ ಎದ್ದು ಕೈ ತೊಳೆದಳು. ಅವಳು ಕೋಣೆಗೆ ಹೋಗುವಷ್ಟರಲ್ಲಿ ತಾಯಿ ಆಗಲೇ ಜಾಡಿ ಇಳಿಸುತ್ತಿದ್ದರು.

ಗುರುವಾರ ಅವಳು ಸ್ಕೂಲಿಗೆ ರಜೆ ಬರೆದು ಕಳಿಸಿದಳು. ಜಟಕಾದವನು ಎತ್ತಿ ಕೂರಿಸುವಾಗ ಇವತ್ತು ಅವಳೇ ಅವನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಜವರಯ್ಯ ಆರು ಡಬ್ಬಗಳ ಗೋಣಿಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತ.

ವರ್ಕ್‌ಶಾಪಿನಲ್ಲಿ ಕಾರಿನ ಕೆಳಗೆ ಜಾಕು ಕೊಡುವ ಸನ್ನಾಹ ನಡೆದಿತ್ತು. ಮೂಲೆಯಲ್ಲಿ ಗೋಣಿತಾಟು ಹೊದ್ದು ಹೊಸ ಗೇರ್‌ಬಾಕ್ಸ್ ಕೂತಿತ್ತು. ಸಿದ್ದರಾಜು ಇನ್ನೂ ಬಂದಿರಲಿಲ್ಲ. ಚಂದ್ರಮತಿ ಯಾರನ್ನೂ ಏನೂ ಕೇಳದೆ ಕಾರಿನ ಬಾಗಿಲು ತೆಗೆದು, ಕಾಲನ್ನು ಎತ್ತಿ ಒಳಗಿಟ್ಟು, ಸ್ಟೇರಿಂಗ್ ಹಿಂದೆ ಕೂತುಬಿಟ್ಟಳು.

"ಏನ್ ತಾಯಿ, ಏನಾದ್ರೂ ಮರ್ತು ಬಿಟ್ಟಿದ್ರಾ ಒಳಗೆ?"

"ಇಲ್ಲ." ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬಿಚ್ಚಬೇಡಿ."

"ಅಲ್ಲ, ಅಣ್ಣಾವ್ರು ಹೇಳಿದ್ದಾರಲ್ಲ..."

"ನಾನು ಇಳಿಯಲ್ಲ. ನಾನು ಕೂತಿರೋ ಹಾಗೇ ಜಾಕು ಕೊಡೋದಾದ್ರೆ ಕೊಡಿ."

ಆರೋಗ್ಯಸ್ವಾಮಿ ತಲೆ ಕೆರೆದುಕೊಂಡ. ಹೆಂಗಸೊಬ್ಬಳು ಗಾಡಿಯಲ್ಲಿ ಕೂತು ಇಳಿಯಲ್ಲವೆಂದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಅವಳು ಎಂಜಿನ್ ಚಾಲೂ ಮಾಡಿ ಕಾಲು ಗಂಟೆ ಹಾಗೇ ಓಡಲು ಬಿಟ್ಟಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಈಗ ಕಡ್ಡಿ ನೋಡಿ," ಎಂದಳು.

"ಓಡೋ ಎಂಜಿನ್‌ನಲ್ಲಾ? ಎಲ್ಲಾದ್ರೂ ಉಂಟಾ ತಾಯಿ? ಮೂವತ್ತು ವರ್ಷದಿಂದ ಈ ಕೈ—"

"ಒಂದೇ ಒಂದು ಸಲ."

ಜವರಯ್ಯ ಬಾಯಲ್ಲಿದ್ದುದನ್ನು ಕೆನ್ನೆಗೆ ದೂಡಿಕೊಂಡು, "ನೋಡಯ್ಯಾ ಸಾಮಿ, ಕಡ್ಡಿ ಏನ್ ಕಚ್ಚಾಕಿಲ್ಲ," ಎಂದ.

ಆರೋಗ್ಯಸ್ವಾಮಿ ಕಡ್ಡಿ ಎಳೆದ. ನೋಡಿದ. ಬಟ್ಟೆಯಿಂದ ಒರೆಸಿ ಮತ್ತೆ ಅದ್ದಿ ಎಳೆದ. ಮೂರನೆಯ ಸಲ ಬೆಳಕಿಗೆ ಹೋಗಿ, ತುದಿಯನ್ನು ಕಣ್ಣಿನ ಹತ್ತಿರ ತಂದು ನೋಡಿದ. ಕಡ್ಡಿಯ ಮೇಲೆ ಒಂದು ತೊಟ್ಟೂ ಇರಲಿಲ್ಲ.

"ಯೇಸಪ್ಪಾ," ಎಂದ ಮೆಲ್ಲಗೆ. "ನಿಂತಾಗ ಎಲ್ಲಾ ಇಳಿದು ಕೆಳಗೆ ಕೂತ್ಕೊಳ್ಳುತ್ತೆ. ಓಡುವಾಗ ಮೇಲಕ್ಕೆ ಹೋಗುತ್ತೆ." ಆಮೇಲೆ ಕಿಟಕಿಯ ಬಳಿ ಬಂದ. "ಆಯುಧಪೂಜೆಗೆ ಸರ್ವೀಸು ಮಾಡುವಾಗ ಆರಿಸಿ ನೋಡಿದೆ ತಾಯಿ. ಗೆರೆಗಿಂತ ಜಾಸ್ತಿ ಇತ್ತು. ಯಾರೋ ಹೆಚ್ಚಿಗೆ ಹುಯ್ದಿದ್ದಾರೆ ಅಂತ ಕೆಳಗಿನ ಪ್ಲಗ್ ತೆಗೆದು ನಾನೇ ಎರಡು ಡಬ್ಬದಷ್ಟು ಇಳಿಸಿದೆ."

"ಆ ಪ್ಲಗ್ ಸೋರ್ತಾ ಇರ್ಬೇಕು."

ಅವನು ಅಂಗಾತ ಮಲಗಿ ಕಾರಿನಡಿ ಹೋದ. ಹೊರಗೆ ಬಂದಾಗ ಬೆರಳ ತುದಿ ಕೆಂಪಾಗಿತ್ತು. ಮೂಸಿ ನೋಡಿದ. "ಸುಟ್ಟ ವಾಸನೆ ಇಲ್ಲ. ದೇವರು ದೊಡ್ಡವನು. ಒಳಗೇನೂ ಹೋಗಿಲ್ಲ."

ಕೆಂಪು ಬೆರಳನ್ನು ಕಂಡು ಜವರಯ್ಯ, "ಆ ಬೆರಳ್ನ ಒರಸ್ಬೇಡ. ಅಂಗೇ ನಮ್ಮಮ್ಮಾವ್ರಿಗೆ ತೋರ್ಸು," ಎಂದ.

ಪ್ಲಗ್ಗಿಗೆ ಹೊಸ ತಾಮ್ರದ ಬಿಲ್ಲೆ ಹಾಕಿ ಬಿಗಿದು, ನಾಲ್ಕನೆಯ ಡಬ್ಬ ಹುಯ್ಯುತ್ತಿರುವಾಗ ಸಿದ್ದರಾಜು ಬಂದ. ಎಂಜಿನ್ ಓಡುತ್ತಿತ್ತು, ತಂಗಿ ಒಳಗೆ ಕೂತಿದ್ದಳು, ಗೇರ್‌ಬಾಕ್ಸ್ ಗೋಣಿತಾಟಿನೊಳಗೇ ಇತ್ತು.

"ಏನ್ ನಡೀತಿದೆ ಇಲ್ಲಿ? ಇಳಿ ಚಂದ್ರ. ಎಲ್ಲರೂ ನೋಡ್ತಿದ್ದಾರೆ."

ನೋಡುತ್ತಲೇ ಇದ್ದರು. ಬೆಲ್ಲದ ಅಂಗಡಿಯ ಹಮಾಲರು ಮೂವರು ಓಣಿಯ ಬಾಯಲ್ಲಿ ನಿಂತಿದ್ದರು.

"ಎಣ್ಣೆ ಕಮ್ಮಿ ಇತ್ತು ಅಣ್ಣ. ಬೇರೆ ಏನೂ ಇಲ್ಲ."

"ನೀನು ಮೆಕ್ಯಾನಿಕ್ಕಾ? ಆರೋಗ್ಯಸ್ವಾಮಿ, ನಿಮಗೆ ಹೇಳಿದ್ದೇನು, ನೀವು ಮಾಡ್ತಿರೋದೇನು?"

"ಸಾರ್, ತಪ್ಪು ನಂದು," ಎಂದ ಆರೋಗ್ಯಸ್ವಾಮಿ, ಎಣ್ಣೆ ಹುಯ್ಯುತ್ತಿದ್ದ ಆಲಿಕೆಯಿಂದ ಕಣ್ಣು ತೆಗೆಯದೆ. "ಚೆನ್ನಾಗಿರೋ ಹೊಟ್ಟೆ ಕೊಯ್ಯೋಕೆ ಹೊರಟಿದ್ದೆ. ಇವತ್ತು ನಾನು ಸ್ಪ್ಯಾನರ್ ಮುಟ್ಟಲ್ಲ. ಬೇಕಾದ್ರೆ ಬೇರೆ ವರ್ಕ್‌ಶಾಪಿಗೆ ತಗೊಂಡು ಹೋಗಿ."

ಸಿದ್ದರಾಜು ತಂಗಿಯ ಕಿಟಕಿಗೆ ಬಗ್ಗಿದ. ದನಿ ತಗ್ಗಿಸಿದ. "ಒಂದು ಸಲ ಬೆಟ್ಟದಲ್ಲಿ ಮರ್ಯಾದೆ ಹೋಗಿದ್ದು ಸಾಲ್ದಾ? ನಾನು ಹೇಳ್ತಿರೋದು ನಿನ್ನ ಒಳ್ಳೇದಕ್ಕೇ ಅಲ್ವಾ? ನಾನು ಬಿಟ್ಟು ಬರ್ತೀನಿ ಅಂದ್ಮೇಲೆ ನಿನಗೆ ಇನ್ನೇನು ಬೇಕು?"

ಇಂಥ ಹೊತ್ತಿನಲ್ಲಿ ಅವಳ ಮಾತೆಲ್ಲ ಒಳಗೇ ಉಳಿದುಬಿಡುವುದು ವಾಡಿಕೆ. ಇವತ್ತು ಒಂದು ಹೊರಗೆ ಬಂತು.

"ಭಾನುವಾರ ಬೆಟ್ಟಕ್ಕೆ ಹೋಗೋಣ ಅಣ್ಣ," ಎಂದಳು. "ನೀನು ಹಿಂದೆ ಕೂತ್ಕೋ."

ಭಾನುವಾರ ದೇವಿರಮ್ಮ ಬುಟ್ಟಿ ಸಮೇತ ಹಿಂದೆ ಕೂತರು. ಅವರ ಪಕ್ಕದಲ್ಲಿ ಸಿದ್ದರಾಜು. ಮುಂದಿನ ಸೀಟು ಖಾಲಿಯಿತ್ತು. ದೇವಿರಮ್ಮ ಕಿಟಕಿಯಿಂದ ಗೇಟಿನ ಕಡೆಗೆ ನೋಡುತ್ತ, ಯಾರಿಗೋ ಹೇಳುವವರಂತೆ, "ಅವನ್ಯಾಕೆ ಅಲ್ಲಿ ನಿಂತವ್ನೆ? ಹೊತ್ತಾಯ್ತು, ಹತ್ತು ಅನ್ನಿ," ಎಂದರು. ಜವರಯ್ಯ ತಲೆವಸ್ತ್ರ ಸರಿಮಾಡಿಕೊಂಡು ಬಂದು ಮುಂದೆ ಕೂತ. ಹಾಲಿನಪುಡಿ ಡಬ್ಬ ತಂದಿರಲಿಲ್ಲ.

ಮೊದಲನೆಯ ತಿರುವು ಕಳೆಯಿತು. ಎರಡನೆಯ ತಿರುವು ಕಾಣಿಸಿದಾಗ ಸಿದ್ದರಾಜು ಮುಂದಕ್ಕೆ ಬಗ್ಗಿ ಅವಳ ಸೀಟಿನ ಬೆನ್ನು ಹಿಡಿದುಕೊಂಡ. "ನಿಧಾನ ಮಾಡ್ಬೇಡ. ಓಟದಲ್ಲೇ ಹತ್ತಿಸ್ಕೋ. ನಿಲ್ಲಿಸಿದ್ರೆ ಕೆಟ್ಟೆ!"

ಚಂದ್ರಮತಿ ನಿಧಾನ ಮಾಡಿದಳು. ತಿರುವಿನ ಅತಿ ಕಡಿದಾದ ಜಾಗದಲ್ಲಿ, ಹೋದ ಭಾನುವಾರ ಲಂಟಾನ ಪೊದೆ ಮುಂದಕ್ಕೆ ಸರಿದಿದ್ದ ಅದೇ ಜಾಗದಲ್ಲಿ, ಬ್ರೇಕು ತುಳಿದು ಕಾರು ನಿಲ್ಲಿಸಿದಳು.

"ನಿನಗೇನ್ ಹುಚ್ಚು ಹಿಡಿದಿದ್ಯಾ?"

ಬೆಟ್ಟಮ್ಮ ಕಾರನ್ನು ಗುರುತಿಸಿದ್ದಳು. ಕಲ್ಲನ್ನು ಎರಡೂ ಕೈಯಲ್ಲಿ ಹೊತ್ತುಕೊಂಡು ಓಡಿಬರುತ್ತಿದ್ದಳು. "ಮಡಗ್ಲಾ ಕಣವ್ವ?"

"ಬೇಡ," ಎಂದಳು ಚಂದ್ರಮತಿ. "ಸೀಬೆಹಣ್ಣು ಕೊಡಿ. ದೋರೆಗಾಯಿ ಇರ್ಲಿ."

ಬೆಟ್ಟಮ್ಮ ಒಮ್ಮೆ ಚಕ್ರ ನೋಡಿದಳು, ಒಮ್ಮೆ ಹುಡುಗಿಯ ಮುಖ ನೋಡಿದಳು. ಹಣ್ಣು ಕೊಡಬೇಕಾದರೆ ಕಲ್ಲು ಕೆಳಗಿಡಲೇಬೇಕು. ಇಟ್ಟಳು. ಆರಿಸಿ ಆರಿಸಿ ನಾಲ್ಕು ಹಣ್ಣು ತಂದು ಕಿಟಕಿಯಿಂದ ಕೊಟ್ಟು ಕಾಸು ತೆಗೆದುಕೊಂಡಳು. ಚಂದ್ರಮತಿ ಒಂದೊಂದನ್ನೇ ನೀಡಿದಳು, ಹಿಂದೆ ತಾಯಿಗೆ, ಅಣ್ಣನಿಗೆ, ಪಕ್ಕದಲ್ಲಿ ಜವರಯ್ಯನಿಗೆ. ಅಣ್ಣನ ಕೈ ಹಣ್ಣು ಹಿಡಿದು ಹಾಗೇ ನಿಂತಿತ್ತು. ತನ್ನ ಹಣ್ಣನ್ನು ಮಡಿಲಲ್ಲಿಟ್ಟುಕೊಂಡು ಅವಳು ಬಲಗಾಲನ್ನು ಬ್ರೇಕಿನಿಂದ ಎತ್ತಿ ಆಕ್ಸಿಲರೇಟರಿನ ಮೇಲಿಟ್ಟಳು.

ಕಾರು ಒಂದು ಗೇಣು ಹಿಂದಕ್ಕೆ ಸರಿಯಿತು. ಸಿದ್ದರಾಜು ಉಸಿರೆಳೆದುಕೊಂಡದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಗೇರು ಹಿಡಿಯಿತು. ಎಂಜಿನ್ ಕೂಗಲಿಲ್ಲ, ತಗ್ಗಿದ ದನಿಯಲ್ಲಿ ಗುನುಗಿತು. ಲಂಟಾನ ಪೊದೆ ಕಿಟಕಿಯನ್ನು ದಾಟಿ ಹಿಂದಕ್ಕೆ ಹೋಯಿತು.

ಜವರಯ್ಯ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಒಂದು ತಿಂಗಳಿನಿಂದ ಕೂಡಿಟ್ಟವನ ಹಾಗೆ, ರಸ್ತೆಯ ಪಕ್ಕಕ್ಕೆ ಉದ್ದಕ್ಕೆ ಉಗಿದ. ದೇವಿರಮ್ಮ ಮುಖವನ್ನು ಇನ್ನೊಂದು ಕಿಟಕಿಗೆ ತಿರುಗಿಸಿಕೊಂಡು ಸೀಬೆಹಣ್ಣು ಕಚ್ಚಿದರು.

ಕನ್ನಡಿಯಲ್ಲಿ ಬೆಟ್ಟಮ್ಮ ಚಿಕ್ಕವಳಾಗುತ್ತ ಹೋದಳು. ಸ್ವಲ್ಪ ಹೊತ್ತು ರಸ್ತೆಯ ನಡುವೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದವಳು, ಕಲ್ಲನ್ನು ಕಾಲಿಂದ ಅಂಚಿಗೆ ಉರುಳಿಸಿ, ಸೆರಗು ಕೊಡವಿ ಅದರ ಮೇಲೆ ಕೂತಳು.